ಕೇಳದೆ ಕೈ ಬದಲಾದ ದಂಡು

ಕಬ್ಬನ್ ಉದ್ಯಾನದ ನೆರಳನ್ನು ಹಿಂದೆ ಬಿಟ್ಟು ಪೂರ್ವಕ್ಕೆ ನಡೆಯುವ ಪಥಿಕನಿಗೆ ತಾನೊಂದು ಗಡಿಯನ್ನು ದಾಟಿದೆನೆಂಬ ಅರಿವು ಇಂದು ಉಂಟಾಗುವುದಿಲ್ಲ. ಆದರೆ 1947ರ ಜುಲೈವರೆಗೂ ಉದ್ಯಾನದ ಆಚೆಗಿನದು ಮಹಾರಾಜರ ಮೈಸೂರು. ಈಚೆಗಿನದು ಬ್ರಿಟಿಷ್ ರೆಸಿಡೆಂಟರ ಆಡಳಿತಕ್ಕೊಳಪಟ್ಟ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’. ಪೇಟೆಯ ಹಳಬರ ಬಾಯಲ್ಲಿ ಅದು ‘ದಂಡು’. ದಂಡಿಗೆ ಹೋಗಿಬರುವೆವೆಂದು ಅವರು ಹೇಳುವಾಗ ಪರವೂರಿಗೆ ಹೊರಟವರ ಧ್ವನಿಯೇ ಇರುತ್ತಿತ್ತು.

ಶಿವಾಜಿನಗರದಲ್ಲಿ ಆ ಪರವೂರಿನ ಛಾಯೆ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ರಸೆಲ್ ಮಾರುಕಟ್ಟೆಯ ಕಮಾನುಗಳ ಕೆಳಗೆ ಗುಲಾಬಿ, ಖರ್ಜೂರ, ಮೀನು, ಕೊತ್ತಂಬರಿಗಳ ಪರಿಮಳಗಳು ಒಂದರೊಡನೊಂದು ಜಗಳವಾಡುತ್ತವೆ. ಉರ್ದುವಿನಲ್ಲಿ ಆರಂಭವಾದ ಚೌಕಾಶಿ ತಮಿಳಿನಲ್ಲಿ ಬಿಸಿಯೇರಿ ಕನ್ನಡದಲ್ಲಿ ಮುಗಿಯುವುದುಂಟು. ಅನತಿದೂರದಲ್ಲಿ ಸಂತ ಮೇರಿಯ ಬೆಸಿಲಿಕಾದ ಗೋಪುರ. 1809ರಲ್ಲಿ ಶ್ರೀರಂಗಪಟ್ಟಣದ ಜ್ವರಪೀಡಿತ ಹವೆಯಿಂದ ಪಾರಾಗಲು ಬ್ರಿಟಿಷ್ ಪಡೆ ಇಲ್ಲಿಗೆ ಬಂದಿತು. ಅದರ ಹಿಂದೆಯೇ ಅಡಿಗೆಯವನು, ದರ್ಜಿ, ಕುದುರೆಯ ಲಾಯದವನು, ಗುತ್ತಿಗೆದಾರ ಎಲ್ಲರೂ ಬಂದರು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪುರಸಭೆಯಾಯಿತು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿ ದೊರೆತಾಗಲೂ ದಂಡಿನ ನೆಲ ಮಾತ್ರ ಇಂಗ್ಲಿಷರ ಕೈಯಲ್ಲೇ ಉಳಿಯಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ನೆರೆಯಿತು. ದಂಡಿನ ನಿವಾಸಿಯ ಪಾಲಿಗೆ ಅದು ನೆರೆಮನೆಯ ಮದುವೆ.

ಹೀಗೆ ಸುಮಾರು 66 ವರ್ಷ ಪ್ರತ್ಯೇಕವಾಗಿದ್ದ ದಂಡನ್ನು, ಸ್ವಾತಂತ್ರ್ಯಕ್ಕೆ 20 ದಿನವಿರುವಾಗ, 1947ರ ಜುಲೈ 26ರಂದು ಮೈಸೂರಿಗೆ ಹಿಂತಿರುಗಿಸಲಾಯಿತು. ನ್ಯಾಯವಾದ ಕಾರ್ಯವೇ. ಆದರೆ ಆ ಮಾರುಕಟ್ಟೆಯಲ್ಲಿ ತಕ್ಕಡಿ ಹಿಡಿದವನನ್ನಾಗಲಿ, ಕೊಳ್ಳಲು ಬಂದವನನ್ನಾಗಲಿ ನಿನ್ನ ಅಭಿಮತವೇನೆಂದು ಯಾರೂ ಕೇಳಲಿಲ್ಲ.

ಕೇಳುವ ಪದ್ಧತಿ ಲೋಕದಲ್ಲಿ ಇಲ್ಲವೆಂದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಒಂದೊಂದು ರಾಜ್ಯಕ್ಕೂ ತನ್ನದೇ ಆದ ಸಂವಿಧಾನವಿದೆ. ಅದರ ತಿದ್ದುಪಡಿಗೆ ಶಾಸನಸಭೆಯ ಒಪ್ಪಿಗೆ ಸಾಲದು. ಡೆಲವೇರ್ ಒಂದನ್ನುಳಿದು ಮಿಕ್ಕೆಲ್ಲ ರಾಜ್ಯಗಳಲ್ಲಿ ಅದು ಮತದಾರನ ಮುಂದೆ ಬರಬೇಕು. ಆರೆಗನ್ ರಾಜ್ಯವಂತೂ 1902ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಸಾಕಷ್ಟು ಸಹಿಗಳನ್ನು ಕೂಡಿಸಿದರೆ ಪ್ರಜೆಗಳೇ ತಿದ್ದುಪಡಿಯನ್ನು ಬರೆದು ಮತಪತ್ರಿಕೆಗೆ ಏರಿಸಬಹುದು. ಭಾರತದಲ್ಲಿ ಇದಕ್ಕೆ ಸಮೀಪವಾದುದು 1967ರ ಜನವರಿ 16ರಂದು ನಮ್ಮ ನೆರೆಯ ಗೋವೆಯಲ್ಲಿ ನಡೆಯಿತು. ಮಹಾರಾಷ್ಟ್ರದಲ್ಲಿ ಸೇರುವುದೋ ಬೇಡವೋ ಎಂಬುದನ್ನು ಗೋವೆಯವರೇ ಮತವಿತ್ತು ನಿರ್ಣಯಿಸಿದರು. 34,021 ಮತಗಳ ಅಂತರದಿಂದ ಬೇರೆಯಾಗಿಯೇ ಉಳಿದರು.

ದಂಡಿನಲ್ಲಿಯೂ ಅಂಥ ಮತದಾನ ನಡೆದಿದ್ದರೆ? ಗೋರಾ ಪಡೆಯನ್ನು ನಂಬಿ ಬಾಳುತ್ತಿದ್ದ ಅಂಗಡಿಕಾರನು, ಮೈಸೂರಿನ ದಫ್ತರದ ಭಾಷೆಯನ್ನರಿಯದ ಕೂಲಿಯವನು, ಬಂಗಲೆಯ ಆಂಗ್ಲೋ ಇಂಡಿಯನ್ ಗೃಹಸ್ಥನು ಏನೆನ್ನುತ್ತಿದ್ದರೋ ಬಲ್ಲವರಾರು! ಬೆಂಗಳೂರು ಒಂದಾಗಲಿ ಎಂದು ಹಾರೈಸುವವರು, ಅಂದು ಮತಪೆಟ್ಟಿಗೆ ಇರಲಿಲ್ಲವೆಂದು ಒಳಗೊಳಗೇ ಸಮಾಧಾನಪಟ್ಟರೂ ಆಶ್ಚರ್ಯವಿಲ್ಲ. ಪ್ರಜಾಭಿಪ್ರಾಯವನ್ನು ಕೊಂಡಾಡುವುದು ಸುಲಭ. ಅದು ತನಗೆ ವಿರೋಧವಾಗಬಹುದೆಂಬಲ್ಲಿ ಕೊಂಡಾಡುವುದು ಕಷ್ಟ.

ಅಲ್ಲಿಂದ ಹಲಸೂರು ದೂರವಿಲ್ಲ. ಇದು ದಂಡಿಗಿಂತ ಎಷ್ಟೋ ಹಳೆಯ ಊರು. ಸೋಮೇಶ್ವರನ ರಾಯಗೋಪುರದೆದುರು ಹೂವು ಕಟ್ಟುವ ಹೆಂಗಸರು. ಒಳಗೆ ಕಂಬಗಳ ತಂಪು. ಕೆರೆಯ ಕಡೆಯಿಂದ ತೇಲಿಬರುವ ತೇವದ ಗಾಳಿ. ಸಿಪಾಯಿಗಳು ಬಂದಾಗಲೂ ಹೋದಾಗಲೂ ಈ ದೇವರ ವಿಳಾಸ ಬದಲಾಗಲಿಲ್ಲ. ಅದನ್ನು ಆಳುವವರ ವಿಳಾಸ ಬದಲಾಯಿತು. ದಂಡು ಮೈಸೂರಿಗೆ ಸೇರಿದ ಆ ಮಳೆಗಾಲವೇ ‘ಮೈಸೂರು ಚಲೋ’ ಚಳವಳಿಯ ಕಾಲ. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಬಳಿಕ ಮೈಸೂರಿಗೆಂದೇ ಒಂದು ಸಂವಿಧಾನ ರಚನಾ ಸಭೆಯೂ ಏರ್ಪಟ್ಟಿತು. ಇಂದಿನವರು ಬಹುಮಟ್ಟಿಗೆ ಮರೆತಿರುವ ಸಂಗತಿಯಿದು: ಮೈಸೂರಿಗೆ ತನ್ನದೇ ಸಂವಿಧಾನ ಬರುವುದರಲ್ಲಿತ್ತು! ದೇಶೀ ಸಂಸ್ಥಾನಗಳಿಗಾಗಿ ಮಾದರಿ ಸಂವಿಧಾನವನ್ನು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷರು ಮಂಗಳೂರಿನವರಾದ ಬೆನಗಲ್ ನರಸಿಂಗ ರಾಯರು. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡ, ಐರ್ಲೆಂಡುಗಳನ್ನು ಸುತ್ತಿ ಅಲ್ಲಿನ ಸಂವಿಧಾನ ತಜ್ಞರನ್ನು ಕಂಡು ಬಂದಿದ್ದರು. ಪ್ರಜೆಗಳ ಮತದಿಂದ ಸಂವಿಧಾನ ತಿದ್ದುವ ಕ್ರಮ ಅವರಿಗೆ ಅಪರಿಚಿತವಾಗಿರಲಿಲ್ಲ. ಆದರೆ 1949ರ ಮೇ ತಿಂಗಳಲ್ಲಿ ಸಂಸ್ಥಾನಗಳ ಪ್ರಧಾನರು ದೆಹಲಿಯಲ್ಲಿ ಸೇರಿ, ಬೇರೆ ಬೇರೆ ಸಂವಿಧಾನಗಳು ಬೇಡವೆಂದು ತೀರ್ಮಾನಿಸಿದರು. ನವೆಂಬರ್ 25ರಂದು ಜಯಚಾಮರಾಜ ಒಡೆಯರು ಭಾರತದ ಸಂವಿಧಾನವನ್ನು ಅಂಗೀಕರಿಸಿ ಘೋಷಣೆ ಹೊರಡಿಸಿದರು. ಮುಂದಿನ ತಿಂಗಳು ಪೇಟೆ ದಂಡುಗಳ ಎರಡು ಪುರಸಭೆಗಳು ಕೂಡಿ ಒಂದು ಕಾರ್ಪೊರೇಷನ್ ಆದವು.

ಅಂದಿನಿಂದ ತಿದ್ದುಪಡಿಯ ಕೀಲಿಕೈ ಇರುವುದು 368ನೆಯ ವಿಧಿಯಲ್ಲಿ, ಸಂಸತ್ತಿನ ಕೈಯಲ್ಲಿ. ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಅನುಮೋದನೆಯೂ ಬೇಕು. ಮತದಾರನ ಪ್ರಸ್ತಾಪವೇ ಅಲ್ಲಿಲ್ಲ. ರಾಜ್ಯದ ಎಲ್ಲೆಯನ್ನು, ಹೆಸರನ್ನು ಬದಲಿಸುವುದಕ್ಕೂ ಸಂಸತ್ತಿನ ಸಾಮಾನ್ಯ ಕಾನೂನು ಸಾಕು. 1973ರಲ್ಲಿ ಮೈಸೂರು ಕರ್ನಾಟಕವಾದುದು ಹಾಗೆಯೇ.

ಹಲಸೂರಿನಿಂದ ಮೆಟ್ರೋ ಏರಿದವನು ಬೆವರು ಆರುವ ಮೊದಲೇ ಇಂದಿರಾನಗರದಲ್ಲಿ ಇಳಿಯುತ್ತಾನೆ. ಈ ಕಂಬಗಳು ಏಳುವ ಮುನ್ನ ಸಿ.ಎಂ.ಎಚ್. ರಸ್ತೆಯ ವರ್ತಕರು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಅವರಿಗೆ ಬೇರೆ ಬಾಗಿಲುಗಳಿರಲಿಲ್ಲ. ಒಳಬೀದಿಗಳಲ್ಲಿ ಇನ್ನೂ ಕೆಲವು ಹಳೆಯ ಮನೆಗಳು, ಕಾಂಪೌಂಡಿನ ಮೇಲೆ ಬಾಗಿದ ಸಂಪಿಗೆ. ಎರಡೂ ಪಕ್ಕದಲ್ಲಿ ಕಾಫಿ ಮಂದಿರ, ಬಟ್ಟೆಯಂಗಡಿಗಳ ನಡುವೆ ಮಂಡಿನೋವಿನ ನಿವೃತ್ತ ಗೃಹಸ್ಥನು ಮನೆಗಂದಾಯದ ಕಾಗದವನ್ನು ಬೆಳಕಿಗೆ ಹಿಡಿದು ಓದುತ್ತಾನೆ. ಅಂಥವನಿಗೆ ಕ್ಯಾಲಿಫೋರ್ನಿಯದ ಕಥೆ ಬಾಯಲ್ಲಿ ನೀರೂರಿಸೀತು. ಅಲ್ಲಿ ಹಿಂದಿನ ರಾಜ್ಯಪಾಲರ ಚುನಾವಣೆಯಲ್ಲಿ ಬಿದ್ದ ಮತಗಳ ನೂರಕ್ಕೆ 8ರಷ್ಟು ಸಹಿ ದೊರೆತರೆ ಸಂವಿಧಾನದ ತಿದ್ದುಪಡಿ ಮತಕ್ಕೆ ಬರುತ್ತದೆ. 1978ರ ಜೂನ್ 6ರಂದು ಅಲ್ಲಿನ ಮನೆಯೊಡೆಯರು ಹೀಗೆಯೇ ಗೆದ್ದರು: ಆಸ್ತಿ ತೆರಿಗೆ ಬೆಲೆಯ ನೂರಕ್ಕೆ 1ನ್ನು ಮೀರಕೂಡದು, ಮನೆ ಮಾರಾಟವಾಗುವವರೆಗೆ ಆ ಬೆಲೆಯನ್ನು ವರ್ಷಕ್ಕೆ ನೂರಕ್ಕೆ 2ಕ್ಕಿಂತ ಹೆಚ್ಚು ಏರಿಸಕೂಡದು. ವೃದ್ಧರಿಗೆ ಮನೆ ಉಳಿಯಿತು. ಆದರೆ ಒಂದೇ ಬೀದಿಯ ಒಂದೇ ಬಗೆಯ ಎರಡು ಮನೆಗಳಲ್ಲಿ, ನಿನ್ನೆ ಕೊಂಡವನು ಮೊನ್ನೆ ಕೊಂಡವನ ಹಲವು ಪಟ್ಟು ತೆರುವಂತಾಯಿತು. ಶಾಲೆಗಳಿಗೆ ಬರುವ ಹಣ ಕುಗ್ಗಿತು. ಅದನ್ನು ತಿದ್ದೋಣವೆಂದರೆ ಶಾಸನಸಭೆಗೆ ಸ್ವತಂತ್ರವಾದ ಅಧಿಕಾರವಿಲ್ಲ. ಸಂವಿಧಾನಕ್ಕೆ ಸೇರಿದ ಸಾಲನ್ನು ಮತ್ತೆ ಮತದಾರರೇ ತೆಗೆಯಬೇಕು. ಉಳಿತಾಯದ ರುಚಿ ಕಂಡವರು ತೆಗೆಯುವರೆ?

ಇದನ್ನು ಕೇಳಿ ನಮ್ಮ ಪದ್ಧತಿಯೇ ಮೇಲೆಂದು ಬೆನ್ನು ತಟ್ಟಿಕೊಳ್ಳುವವರು ಮೆಟ್ರೋದಲ್ಲಿ ಇನ್ನಷ್ಟು ಪೂರ್ವಕ್ಕೆ, ಕೃಷ್ಣರಾಜಪುರಕ್ಕೆ ಹೋಗಿಬರಬೇಕು. ತೂಗುಸೇತುವೆಯ ಕೆಳಗೆ ರೈಲುಗಳು, ಮೇಲೆ ಲಾರಿಗಳು, ನಡುವೆ ಧೂಳು. ಬೆಳಗಿನ ಹೊತ್ತು ಬಂಗಾರಪೇಟೆಯ ಕಡೆಯಿಂದ ಬಂದಿಳಿಯುವ ಜನರಾಶಿ. ಈ ಊರಿಗೆ ತನ್ನದೇ ನಗರಸಭೆಯಿತ್ತು. 2007ರ ಜನವರಿಯಲ್ಲಿ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅನಂತರದ 5 ವರ್ಷ ನಗರಕ್ಕೆ ಚುನಾಯಿತ ಸಭೆಯೇ ಇರಲಿಲ್ಲ. ಆ ಅವಧಿ ತುಂಬುವ ಹೊತ್ತಿಗೆ, 2025ರ ಸೆಪ್ಟೆಂಬರಿನಲ್ಲಿ, ನಗರವನ್ನು ಐದು ಪಾಲಿಕೆಗಳಾಗಿ ಒಡೆಯಲಾಯಿತು. ಶಿವಾಜಿನಗರ ಕೇಂದ್ರಕ್ಕೆ ಸೇರಿತು, ಕೃಷ್ಣರಾಜಪುರ ಪೂರ್ವಕ್ಕೆ. ಗಡಿಗಳ ಬಗ್ಗೆ ಆಕ್ಷೇಪಣೆಗಳನ್ನು ಸಲ್ಲಿಸಲು ನಾಗರಿಕರಿಗೆ ಅವಕಾಶವಿತ್ತು. ಮತ ಚಲಾಯಿಸಲು ಇರಲಿಲ್ಲ.

ಕೃಷ್ಣರಾಜಪುರದ ಹಳೆಯ ಬೀದಿಯೊಂದರಲ್ಲಿ ಒಂದೇ ಮನೆಯಲ್ಲಿ ಬಾಳಿದವನು ತನ್ನ ಕಂದಾಯದ ರಸೀದಿಗಳನ್ನು ಪೆಟ್ಟಿಗೆಯಿಂದ ತೆಗೆದು ಹರಡಿದರೆ, 2006ರದೊಂದು ಮುದ್ರೆ, 2008ರದೊಂದು ಮುದ್ರೆ, ಈಚಿನದು ಮತ್ತೊಂದು. ಮನೆಯ ಹೊಸ್ತಿಲು ಮಾತ್ರ ಇದ್ದಲ್ಲೇ ಇದೆ.