'ಸ್ವಂತ' ಎಂದು ಬರೆದ ಫ್ಲಾಪಿ

2014ರ ದೀಪಾವಳಿಗೆ ಮೈಸೂರಿಗೆ ಹೋಗಿದ್ದಾಗ ಚಿಕ್ಕಮ್ಮ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿ ನನ್ನ ಮುಂದಿಟ್ಟರು. ಚಕ್ಕುಲಿ ಇರಬೇಕು ಅಂದುಕೊಂಡು ಮುಚ್ಚಳ ತೆಗೆದರೆ ಒಳಗೆ ಫ್ಲಾಪಿಗಳು. ಎಣಿಸಿದೆ, 11 ಇದ್ದವು. ಪ್ರತಿಯೊಂದರ ಮೇಲೂ ಚಿಕ್ಕಪ್ಪನ ದುಂಡು ಅಕ್ಷರದ ಚೀಟಿ. ಲಗ್ನಪತ್ರಿಕೆಗಳು, ಬಿಲ್ ಪುಸ್ತಕ, ಮ್ಯಾಕ್‌ರೈಟ್, ಕನ್ನಡ ಫಾಂಟು. ಕೊನೆಯದರ ಮೇಲೆ ಒಂದೇ ಪದ: 'ಸ್ವಂತ'.

"ನೀನು ಕಂಪ್ಯೂಟರಿನವನಲ್ವೇನೋ, ಇದರಲ್ಲಿ ಏನಿದೆ ನೋಡಿ ಹೇಳು. ಬರೀತಾ ಕೂತಿದ್ದಾಗ ಕೇಳಿದ್ರೆ, ಮುಗಿದ ಮೇಲೆ ಓದುವೆಯಂತೆ ಅಂತಿದ್ರು. ಮುಗಿಸ್ಲೇ ಇಲ್ಲ" ಅಂದರು ಚಿಕ್ಕಮ್ಮ. ಚಿಕ್ಕಪ್ಪ ಹೋಗಿ ಆಗ ಮೂರು ವರ್ಷವಾಗಿತ್ತು.

ಚಿಕ್ಕಪ್ಪ ಮೈಸೂರಿನ ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು. 1991ರಲ್ಲಿ ಆ ಪ್ರೆಸ್ಸಿಗೆ ಮ್ಯಾಕಿಂತೋಷ್ ಬಂತು. ಅಲ್ಲಿಂದ ಮುಂದೆ ಅವರು 'ಡಿಟಿಪಿ ಆಪರೇಟರ್' ಆದರು. ಪ್ರೆಸ್ಸು ಮುಚ್ಚಿದಾಗ ಮಾಲೀಕರು ಆ ಹಳೆಯ ಮ್ಯಾಕನ್ನು ಅವರಿಗೇ ಕೊಟ್ಟುಬಿಟ್ಟರು. ನಾನು ನೋಡುವ ಹೊತ್ತಿಗೆ ಅದಕ್ಕೆ ಜೀವ ಇರಲಿಲ್ಲ, ಮೇಲೆ ಕಸೂತಿಯ ಬಟ್ಟೆ ಹೊದೆಸಿ ಫೋನ್ ಇಟ್ಟಿದ್ದರು.

ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತಿದೆ. ದಾರಿಯುದ್ದಕ್ಕೂ ನೆನಪಾಗಿದ್ದು ನನ್ನ ಎಂಟೆಕ್ ದಿನಗಳ ಲ್ಯಾಬು.

1997ರಲ್ಲಿ ನಮ್ಮ ಲ್ಯಾಬಿನಲ್ಲಿ ಸನ್ ಕಂಪನಿಯ ವರ್ಕ್‌ಸ್ಟೇಷನ್‌ಗಳಿದ್ದವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು, ಏಸಿ ಇದ್ದದ್ದು ಅಲ್ಲಿ ಮಾತ್ರ. ಒಂದು ರಾತ್ರಿ ಸೀನಿಯರ್ ಒಬ್ಬರು ಸೋಲಾರಿಸ್ ಪರದೆಯ ಮೇಲೆ ಒಂದು ಕಿಟಕಿ ತೆರೆದರು. ಅದರೊಳಗೆ ಇಡೀ ಮ್ಯಾಕಿಂತೋಷ್! ಅದೇ ಮೆನು, ಅದೇ ಕಸದ ಬುಟ್ಟಿ. ಪಕ್ಕದ ಕಿಟಕಿಯಲ್ಲಿ ಅವರ ಯೂನಿಕ್ಸ್ ಪ್ರೋಗ್ರಾಂ ತನ್ನ ಪಾಡಿಗೆ ಓಡುತ್ತಿತ್ತು. ಅದರ ಹೆಸರು ಮ್ಯಾಕಿಂತೋಷ್ ಅಪ್ಲಿಕೇಶನ್ ಎನ್ವಿರಾನ್ಮೆಂಟ್, ಎಲ್ಲರ ಬಾಯಲ್ಲಿ 'ಎಂಎಇ'. 1994ರಲ್ಲಿ ಆಪಲ್ ಕಂಪನಿಯೇ ಸನ್ ಮತ್ತು ಎಚ್‌ಪಿ ಯಂತ್ರಗಳಿಗಾಗಿ ಹೊರತಂದದ್ದು. ಎಂಜಿನಿಯರುಗಳ ಮೇಜಿನ ಮೇಲೆ ಡಿಸೈನಿಗೊಂದು ಯೂನಿಕ್ಸ್ ಯಂತ್ರ, ಪತ್ರ ಬರೆಯಲು ಇನ್ನೊಂದು ಯಂತ್ರ ಇರುತ್ತಿದ್ದ ಕಾಲ. ಎರಡನ್ನೂ ಒಂದರಲ್ಲಿ ಸೇರಿಸುವುದು ಅದರ ಉದ್ದೇಶ.

ಕೆಲಸ ಮಾಡುವ ರೀತಿ ಹೇಳುವುದು ಸುಲಭ. ಆಗಿನ ಮ್ಯಾಕ್ ಪ್ರೋಗ್ರಾಂಗಳು ಮೊಟೊರೋಲಾ 68000 ಕುಟುಂಬದ ಚಿಪ್ಪಿನ ಭಾಷೆಯಲ್ಲಿರುತ್ತಿದ್ದವು. ಸನ್ ಯಂತ್ರದ ಸ್ಪಾರ್ಕ್ ಚಿಪ್ಪಿಗೆ ಆ ಭಾಷೆ ಬಾರದು. ನಡುವೆ ಎಮ್ಯುಲೇಟರ್ ದುಭಾಷಿಯಂತೆ ಕೂತು ಒಂದೊಂದು ಆಜ್ಞೆಯನ್ನೂ ಸ್ಪಾರ್ಕಿಗೆ ತಿಳಿಯುವಂತೆ ಹೇಳುತ್ತದೆ. ಪ್ರೋಗ್ರಾಮಿಗೆ ತಾನು ಪರದೇಶದಲ್ಲಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ. ಎಂಎಇ ಬಹಳ ಕಾಲ ಬಾಳಲಿಲ್ಲ, 1998ರಲ್ಲಿ ಆಪಲ್ ಅದನ್ನು ನಿಲ್ಲಿಸಿತು. ಆದರೆ ಕ್ರಿಸ್ಟಿಯನ್ ಬೌವರ್ ಎಂಬವರ 'ಬೇಸಿಲಿಸ್ಕ್ ಟೂ' ಇತ್ತು. ಇದೂ ಅಂಥದೇ ಎಮ್ಯುಲೇಟರ್, ಆದರೆ ಮುಕ್ತ ತಂತ್ರಾಂಶ. ಯೂನಿಕ್ಸಿನಲ್ಲಿ ನಾವೇ ಕಂಪೈಲ್ ಮಾಡಿಕೊಳ್ಳಬಹುದು.

ಇನ್ನು ಬೇಕಾಗಿದ್ದು ಫ್ಲಾಪಿ ಡ್ರೈವ್ ಇರುವ ಒಂದು ಯಂತ್ರ. ಅದೂ ಸಿಕ್ಕಿತು, ಸಿಕ್ಕ ರೀತಿ ಮಾತ್ರ ನೆನೆಯಲು ಅಷ್ಟು ಹಿತವಲ್ಲ.

ಆಗ ನನ್ನ ಆಫೀಸು ಪೆರುಂಗುಡಿ ಟೋಲ್‌ಗೇಟಿನಿಂದ ಸ್ವಲ್ಪ ದೂರದಲ್ಲಿತ್ತು. ಗಾಳಿ ತಿರುಗಿದರೆ ಕಸದ ಗುಡ್ಡದ ಹೊಗೆ ಎಂಟನೇ ಮಹಡಿಗೂ ಬರುತ್ತಿತ್ತು. ಆ ವರ್ಷ ನನ್ನ ಪ್ರಾಜೆಕ್ಟು ಏನೆಂದರೆ ಗ್ರಾಹಕರ ಹಳೆಯ ಸೋಲಾರಿಸ್ ಸರ್ವರುಗಳನ್ನು ತೆಗೆದು ಎಲ್ಲವನ್ನೂ ಲಿನಕ್ಸಿಗೆ ಸಾಗಿಸುವುದು. ಆ ಸರ್ವರುಗಳನ್ನು 14 ವರ್ಷ ನೋಡಿಕೊಂಡಿದ್ದವರು ನಮ್ಮ ಅಡ್ಮಿನ್, 52 ವಯಸ್ಸಿನ ತಮಿಳರು. ಅವರು ನನ್ನನ್ನು 'ಸಾರ್' ಅನ್ನುತ್ತಿದ್ದರು, ನಾನೂ ಅವರನ್ನು 'ಸಾರ್' ಅನ್ನುತ್ತಿದ್ದೆ. ನಾನು ತಯಾರಿಸಿದ ಎಕ್ಸೆಲ್ ಪ್ಲಾನಿನ 63ನೇ ಸಾಲಿನಲ್ಲಿ ಹೀಗಿತ್ತು: 'ಲೆಗಸಿ ರಿಸೋರ್ಸ್ ರಿಲೀಸ್: 1, ಫೆಬ್ರವರಿ 2015'. ಆ ಒಂದು ಅವರೇ.

ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ನೌಕರರಿಗೆ ಮಾರಿದರು. ಹಾರ್ಡ್‌ಡಿಸ್ಕ್ ತೆಗೆದ ಒಂದು ಸನ್ ಅಲ್ಟ್ರಾ 10 ನನ್ನ ಪಾಲಿಗೆ ಬಂತು. ಯಾಕೆ ಬೇಕು ಎಂದು ಅಡ್ಮಿನ್ ಸಾರ್ ಕೇಳಿದರು. ಚಿಕ್ಕಪ್ಪನ ಡಬ್ಬಿಯ ಕತೆ ಹೇಳಿದೆ. ಮುಂದಿನ ಭಾನುವಾರ ಅವರೇ ರಿಚಿ ಸ್ಟ್ರೀಟಿಗೆ ಹೋಗಿ ಹಳೆಯ ಐಡಿಇ ಡಿಸ್ಕೊಂದನ್ನು ಚೌಕಾಶಿ ಮಾಡಿ ತಂದು, ನಮ್ಮ ಮನೆಯ ಊಟದ ಮೇಜಿನ ಮೇಲೆ ಸೋಲಾರಿಸ್ ಹಾಕಿಕೊಟ್ಟರು. ಹೆಂಡತಿ ಬಿಸಿಬೇಳೆಬಾತ್ ಬಡಿಸಿದಳು. 63ನೇ ಸಾಲಿನ ವಿಷಯ ಅವರಿಗೆ ಇನ್ನೂ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ಬೇಸಿಲಿಸ್ಕ್ ಏಳಬೇಕಾದರೆ ನಿಜವಾದ ಮ್ಯಾಕಿನ ರೋಮ್ ಬೇಕು, ಅಂದರೆ ಯಂತ್ರದ ಚಿಪ್ಪಿನಲ್ಲಿ ಕೂತಿರುವ ಮೂಲ ತಂತ್ರಾಂಶ. ಚಿಕ್ಕಪ್ಪನ ಮ್ಯಾಕ್ ಸತ್ತಿದ್ದರೂ ಚಿಪ್ಪುಗಳು ಸರಿಯಾಗಿದ್ದವು. ಬೋರ್ಡನ್ನು ಮೈಸೂರಿನಿಂದ ತರಿಸಿದೆ. ನಮ್ಮ ಹಾರ್ಡ್‌ವೇರ್ ತಂಡದ ಹುಡುಗನೊಬ್ಬ ಅವುಗಳಲ್ಲಿದ್ದ 512 ಕಿಲೋಬೈಟನ್ನು ಓದಿ ಕೊಟ್ಟ. ಸಿಸ್ಟಂ 7.5.3 ಅನ್ನು ಆಪಲ್ 19 ತುಂಡುಗಳಲ್ಲಿ ಉಚಿತವಾಗಿ ಕೊಟ್ಟಿತ್ತು, ಅದೂ ಆಯಿತು. ನಾಲ್ಕನೇ ಭಾನುವಾರ ಊಟದ ಮೇಜಿನ ಮೇಲೆ ಬೂದು ಪರದೆ ಬಂತು, ಮೂಲೆಯಲ್ಲಿ ಕಸದ ಬುಟ್ಟಿ ಕಾಣಿಸಿತು. ಅಡ್ಮಿನ್ ಸಾರ್ ಮೀಸೆ ತಿರುವಿಕೊಂಡರು.

ಫ್ಲಾಪಿಗಳನ್ನು ನೇರವಾಗಿ ತೆರೆಯಲು ಅವರು ಬಿಡಲಿಲ್ಲ. ಮೊದಲು ಇಡೀ ಫ್ಲಾಪಿಯ ಪಡಿಯಚ್ಚು ತೆಗೆದು ಆಮೇಲೆ ಆ ಪ್ರತಿಯನ್ನು ಮುಟ್ಟು ಎಂದರು. ಹಳೆಯ ಫ್ಲಾಪಿ ಎರಡನೇ ಸಲ ಓದಲು ಸಿಗುತ್ತದೆ ಎಂಬ ಭರವಸೆ ಇಲ್ಲ. ಯೂನಿಕ್ಸಿನ 'ಡಿಡಿ' ಆಜ್ಞೆ ಕೊಟ್ಟು ಒಂದೊಂದನ್ನೇ ನಕಲು ಮಾಡಿದೆವು. 'ಸ್ವಂತ' ಒಂದೇ ಸಲಕ್ಕೆ ಬಂತು. ಎಮ್ಯುಲೇಟರಿಗೆ ಸಿಕ್ಕಿಸಿದೆ, ಮ್ಯಾಕ್‌ರೈಟ್ ತೆರೆಯಿತು, ಒಳಗೆ 11 ಪುಟ. ಒಂದಕ್ಷರ ಕನ್ನಡವಿಲ್ಲ! ಪುಟ ತುಂಬ ಇಂಗ್ಲಿಷ್ ಅಕ್ಷರ, ಆವರಣ ಚಿಹ್ನೆ, ಡಾಲರು, ಫ್ರೆಂಚ್ ಸ್ವರಗಳ ಕಲಸುಮೇಲೋಗರ.

ಈಗ ಕನ್ನಡಕ್ಕೆ ಯುನಿಕೋಡಿನಲ್ಲಿ ತನ್ನದೇ ಜಾಗವಿದೆ. ಆಗಿನ ಫಾಂಟುಗಳಲ್ಲಿ ಹಾಗಿರಲಿಲ್ಲ. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದರು. ಒಂದು ಮನೆಯಲ್ಲಿ 'ಕ', ಇನ್ನೊಂದರಲ್ಲಿ ದೀರ್ಘ, ಮತ್ತೊಂದರಲ್ಲಿ ಒತ್ತು. ಕಂಪ್ಯೂಟರಿನ ಮಟ್ಟಿಗೆ ಅದು ಇಂಗ್ಲಿಷೇ. ಫಾಂಟು ಇದ್ದರೆ ಮಾತ್ರ ಕನ್ನಡ, ಇಲ್ಲದಿದ್ದರೆ ಕಸ.

ಫಾಂಟು ಎಲ್ಲಿ? ಎರಡು ಕಡೆ ಇತ್ತು, ಎರಡೂ ಕಡೆ ಸಿಗಲಿಲ್ಲ. ಚಿಕ್ಕಪ್ಪನ ಅಳಿಯ 2003ರಲ್ಲಿ ಎಲ್ಲವನ್ನೂ ವಿಂಡೋಸ್ ಮೂಲಕ ಸಿಡಿಗೆ ಹಾಕಿಟ್ಟಿದ್ದರು. ಅದರಲ್ಲಿ ಫಾಂಟಿನ ಹೆಸರಿತ್ತು, ಗಾತ್ರ ಸೊನ್ನೆ. ಹಳೆಯ ಮ್ಯಾಕಿನಲ್ಲಿ ಒಂದೊಂದು ಫೈಲಿಗೂ ಎರಡು ಕವಲು, ಡೇಟಾ ಫೋರ್ಕ್ ಮತ್ತು ರಿಸೋರ್ಸ್ ಫೋರ್ಕ್. ಫಾಂಟು ಇರುತ್ತಿದ್ದದ್ದು ಎರಡನೆಯದರಲ್ಲಿ. ವಿಂಡೋಸಿಗೆ ಮೊದಲನೆಯ ಕವಲು ಮಾತ್ರ ಗೊತ್ತು. ಹೀಗಾಗಿ ಸಿಡಿಗೆ ಬಂದದ್ದು ಬರಿಯ ಹೆಸರು. ಇನ್ನು 'ಕನ್ನಡ ಫಾಂಟು' ಎಂಬ ಫ್ಲಾಪಿ 800 ಕಿಲೋಬೈಟಿನ ಹಳೆಯ ಜಾತಿಯದು. ಆ ಮ್ಯಾಕ್ ಡ್ರೈವುಗಳು ತಟ್ಟೆಯ ಒಳಸುತ್ತು ಹೊರಸುತ್ತುಗಳಿಗೆ ತಕ್ಕಂತೆ ತಿರುಗುವ ವೇಗ ಬದಲಿಸುತ್ತಿದ್ದವು. ಸನ್ ಡ್ರೈವಿನದು ಒಂದೇ ವೇಗ. ಅದು ಗೊರಗೊರ ಅಂದು ಕೈಚೆಲ್ಲಿತು.

ದಾರಿ ತೋರಿಸಿದ್ದು ಲಗ್ನಪತ್ರಿಕೆ. 'ಲಗ್ನಪತ್ರಿಕೆಗಳು' ಫ್ಲಾಪಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಯ ಪತ್ರಿಕೆಯೂ ಇತ್ತು, ಅದೇ ಫಾಂಟಿನಲ್ಲಿ, ಅದೇ ಕಸವಾಗಿ. ಅಚ್ಚಾದ ಪತ್ರಿಕೆ ಚಿಕ್ಕಮ್ಮನ ಟ್ರಂಕಿನಲ್ಲಿತ್ತು. ಫೋನಿನಲ್ಲಿ ಅವರು ಅಕ್ಷರ ಬಿಡಿಸಿ ಓದುವುದು, ನಾನು ಇಲ್ಲಿ ಚಿಹ್ನೆಯ ಎದುರು ಅಕ್ಷರ ಬರೆದುಕೊಳ್ಳುವುದು. "ಶ್ರೀಮತಿಯ 'ಶ್ರೀ'ಗೆ ಏನಿದೆಯೋ?" "ಮೂರು ಚಿಹ್ನೆ ಇದೆ ಚಿಕ್ಕಮ್ಮ." "ಹೌದಪ್ಪಾ, ಶಿ, ಅದರ ದೀರ್ಘ, ಕೆಳಗೆ ರ ಒತ್ತು. ಮೊಳೆಯಲ್ಲೂ ಹಂಗೇ ಜೋಡಿಸ್ತಿದ್ರು." ಆಗ ನನಗೆ ಹೊಳೆಯಿತು. ಚಿಕ್ಕಪ್ಪ ಮೊಳೆಯಿಂದ ಮ್ಯಾಕಿಗೆ ಅಷ್ಟು ಬೇಗ ಹೊಂದಿಕೊಂಡದ್ದು ಯಾಕೆಂದರೆ ಆ ಫಾಂಟಿನ ಒಳಗೂ ಮೊಳೆಯ ಕೇಸಿನಂಥ ಮನೆಗಳೇ ಇದ್ದವು.

ಹದಿನೈದು ದಿನ ಹೀಗೆ ನಡೆಯಿತು. ಎಮ್ಯುಲೇಟರಿನಲ್ಲಿ 'ಯೂನಿಕ್ಸ್' ಎಂಬ ಡಿಸ್ಕೊಂದು ಕಾಣುತ್ತದೆ, ಅಲ್ಲಿ ಇಟ್ಟ ಫೈಲು ನೇರ ಸೋಲಾರಿಸಿಗೆ ಸಿಗುತ್ತದೆ. ಬರಹವನ್ನು ಅಲ್ಲಿಗೆ ತೆಗೆದು, ಪರ್ಲಿನಲ್ಲಿ ಸಣ್ಣ ಪ್ರೋಗ್ರಾಂ ಬರೆದು ಒಂದೊಂದೇ ಚಿಹ್ನೆಯನ್ನು ಯುನಿಕೋಡಿಗೆ ಬದಲಿಸಿದೆ. ಅರ್ಕಾವತ್ತು ತುಂಬ ಕಾಡಿತು. 'ವರ್ಷ' ಎಂಬುದನ್ನು ಚಿಕ್ಕಪ್ಪ ವ, ಷ, ಆಮೇಲೆ ಅರ್ಕಾವತ್ತು ಎಂದು ಹೊಡೆದಿದ್ದಾರೆ. ಯುನಿಕೋಡಿಗೆ ಉಚ್ಚಾರದ ಕ್ರಮ ಬೇಕು, ಮೊದಲು ರ್, ಆಮೇಲೆ ಷ. ಎಲ್ಲವನ್ನೂ ಹಿಂದಕ್ಕೆ ಸರಿಸಬೇಕಾಯಿತು. ಲಗ್ನಪತ್ರಿಕೆಯಲ್ಲಿ ಬಾರದ ಕೆಲವು ಒತ್ತುಗಳು ಕೊನೆಗೂ ಖಾಲಿ ಚೌಕಗಳಾಗಿ ಉಳಿದವು.

ಹನ್ನೊಂದು ಪುಟ ಓದಲು ಬಂತು. ಚಿಕ್ಕಪ್ಪನ ಬಾಲ್ಯ, ಪ್ರೆಸ್ಸಿಗೆ ಸೇರಿದ್ದು, ಸೀಸದ ಕಪ್ಪು ಮೆತ್ತಿದ ಬೆರಳುಗಳು. ಒಂಬತ್ತನೇ ಪುಟದಲ್ಲಿ ಹೀಗಿತ್ತು:

"ಮೊಳೆ ಜೋಡಿಸುವವರು ನಾವು ಏಳು ಜನ. ಕಂಪ್ಯೂಟರ್ ಕಲಿಯಲು ಒಬ್ಬನನ್ನು ಬೆಂಗಳೂರಿಗೆ ಕಳಿಸಿದರು, ಅದು ನಾನು. ತಿರುಗಿ ಬಂದು ಆ ಯಂತ್ರದಲ್ಲಿ ನಾನು ಮಾಡಿದ ಮೊದಲ ಕೆಲಸ ಉಳಿದ ಆರು ಜನರ ಲೆಕ್ಕ ಚುಕ್ತಾ ಪತ್ರ. ಆರು ಹೆಸರು, ಒಂದೇ ಒಕ್ಕಣೆ. ಅಕ್ಷರ ಬಹಳ ಚೆಂದ ಬಂದಿದೆ ಎಂದು ಮಾಲೀಕರು ಮೆಚ್ಚಿದರು."

ಆರೂ ಜನರ ಹೆಸರು ಬರೆದಿದ್ದಾರೆ. ಅವರ ಬೀದಿಗಳಲ್ಲಿ ಹಾದುಹೋಗಲಾರದೆ ಸುತ್ತುಬಳಸಿ ಮನೆಗೆ ಬರುತ್ತಿದ್ದದ್ದನ್ನು ಬರೆದಿದ್ದಾರೆ. ಹನ್ನೊಂದನೇ ಪುಟದ ಅರ್ಧಕ್ಕೆ ನಿಂತಿದೆ.

ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಲ್ಯಾಪ್‌ಟಾಪ್ ತೆಗೆದು 63ನೇ ಸಾಲು ನೋಡಿದೆ. ನೀಟಾಗಿತ್ತು, ಹಸಿರು ಬಣ್ಣ ಬೇರೆ ಹಾಕಿದ್ದೆ. ಮರುದಿನ ಅಡ್ಮಿನ್ ಸಾರ್ ಅವರನ್ನು ಟೀ ಅಂಗಡಿಗೆ ಕರೆದುಕೊಂಡು ಹೋಗಿ ವಿಷಯ ಹೇಳಿದೆ. "ಗೊತ್ತು ಸಾರ್" ಅಂದರು. "ಸರ್ವರ್ ಹೋಗುತ್ತೆ ಅಂದ ದಿನವೇ ಗೊತ್ತಾಯಿತು. ನೀವು ಹೇಳ್ತೀರೋ ಇಲ್ವೋ ಅಂತ ನೋಡ್ತಿದ್ದೆ." ಓಡಾಡಿ ಇನ್ನೊಂದು ಪ್ರಾಜೆಕ್ಟಿನಲ್ಲಿ ಅವರಿಗೆ ನಾಲ್ಕು ತಿಂಗಳು ಕೊಡಿಸಿದೆ. ಅದಕ್ಕಿಂತ ಹೆಚ್ಚು ನನ್ನಿಂದ ಆಗಲಿಲ್ಲ. ಈಗ ಅವರು ತಾಂಬರಂ ಕಡೆ ಒಂದು ಕಾಲೇಜಿನ ಲ್ಯಾಬು ನೋಡಿಕೊಳ್ಳುತ್ತಾರೆ. ಸಂಬಳ ಮೊದಲಿನ ಅರ್ಧ.

ಸಂಕ್ರಾಂತಿಗೆ ಮೈಸೂರಿಗೆ ಹೋಗಿ ಹನ್ನೊಂದು ಪುಟವನ್ನೂ ಚಿಕ್ಕಮ್ಮನಿಗೆ ಓದಿ ಹೇಳಿದೆ. ಆರು ಹೆಸರುಗಳ ಜಾಗಕ್ಕೆ ಬಂದಾಗ ಒಂದು ಹೆಸರಿನ ನಡುವೆ ಖಾಲಿ ಚೌಕವಿತ್ತು. ನಾನು ತಡವರಿಸಿದೆ. ಚಿಕ್ಕಮ್ಮ ತಕ್ಷಣ ಆ ಹೆಸರು ಹೇಳಿದರು. ಲಗ್ನಪತ್ರಿಕೆಯಲ್ಲಿ ಸಿಗದಿದ್ದ ಒತ್ತಕ್ಷರ ಹೀಗೆ ಸಿಕ್ಕಿತು. ಅದೇ ಚಿಹ್ನೆ ಇದ್ದ ಇನ್ನೂ ಒಂಬತ್ತು ಪದಗಳು ಅದರೊಂದಿಗೆ ತುಂಬಿಕೊಂಡವು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಅಂದರು, "ಏಳು ಪ್ರತಿ ತೆಗೆಸು. ಒಂದು ನನಗೆ. ಮಿಕ್ಕಿದ್ದು ಅವರ ಮನೆಗಳಿಗೆ. ನಾಲ್ಕು ಮನೆ ನನಗೆ ಗೊತ್ತು, ಎರಡು ಹುಡುಕೋಣ."

ನಾನು ಎಂಟು ತೆಗೆಸಿದೆ. ಎಂಟನೆಯದನ್ನು ಪೆರುಂಗುಡಿಗೆ ತಂದು ಅಡ್ಮಿನ್ ಸಾರ್‌ಗೆ ಕೊಟ್ಟೆ. ಅವರಿಗೆ ಕನ್ನಡ ಬರುವುದಿಲ್ಲ. ಮೊದಲಿನಂತೆ ಊಟದ ಮೇಜಿಗೆ ಕೂತು, ನನ್ನ ಹರಕುಮುರುಕು ತಮಿಳಿನಲ್ಲಿ ಒಂಬತ್ತನೇ ಪುಟ ಹೇಳಿದೆ. ಚುಕ್ತಾ ಪತ್ರದ ಸಾಲು ಮುಗಿದಾಗ ಅವರು ಪುಟದ ಮೇಲೆ ಒಮ್ಮೆ ಕೈಯಾಡಿಸಿ, "ಅಕ್ಷರ ನಿಜಕ್ಕೂ ಚೆಂದ ಬಂದಿದೆ ಸಾರ್" ಅಂದರು.