ದವಾಖಾನೆ ಒಪ್ಪಿಸುವ ಮುನ್ನ

ಹುನಗುಂದ

ಪ್ರಿಯ ಮಿತ್ರರೆ,

ಬಾದಾಮಿಯ ದವಾಖಾನೆ ಮಾರಿ ಮಗಳ ಊರಿಗೆ ಹೋಗಿ ಇರುವ ವಿಚಾರ ಬರೆದಿದ್ದೀರಿ. ಎಷ್ಟು ಬೆಲೆ ಹೇಳಲಿ ಎಂದೂ ಕೇಳಿದ್ದೀರಿ. ನಾನೂ ಇಲ್ಲಿ ಅದೇ ತಯಾರಿಯಲ್ಲಿ ಇರುವುದರಿಂದ ಮನಸ್ಸು ಬಿಚ್ಚಿ ಬರೆಯುತ್ತೇನೆ.

ಕಟ್ಟಡ, ಕುರ್ಚಿ-ಮಂಚ, ಇಸಿಜಿ ಯಂತ್ರ ಇವಕ್ಕೆ ತಿಳಿದವರಿಂದ ಬೆಲೆ ಕಟ್ಟಿಸಿ, ಅಷ್ಟನ್ನೇ ಕೇಳಿ. ಮೂವತ್ತು-ನಲವತ್ತು ವರ್ಷ ಗಳಿಸಿದ ಹೆಸರಿಗೆಂದು ದೊಡ್ಡ ಪಗಡಿ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಸಾಲ ಮಾಡಿ ಆ ಪಗಡಿ ಕೊಟ್ಟ ಹುಡುಗ ಅದನ್ನು ಎಲ್ಲಿಂದ ತೆಗೆಯಬೇಕು? ಬೇಡದ ಸಲೈನು, ಬೇಡದ ರಕ್ತ ಪರೀಕ್ಷೆ, ಸಣ್ಣ ಜ್ವರಕ್ಕೂ ಸೂಜಿ. ನಾವು ಎಣಿಸಿಕೊಂಡ ರೊಕ್ಕವನ್ನು ಕಡೆಗೆ ತೀರಿಸುವವರು ನಮ್ಮ ಪೇಶಂಟುಗಳೇ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಹೊಸಬರು ತಮ್ಮ ಹೆಸರಿನಲ್ಲೇ ನೋಂದಣಿ ಮಾಡಿಸಬೇಕು. ಇಬ್ಬರೂ ಕೂಡಿ ಬಾಗಲಕೋಟೆಯ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಿಬನ್ನಿ. ಸ್ಕ್ಯಾನಿಂಗ್ ಯಂತ್ರವಿದ್ದರೆ ಇನ್ನೂ ಜೋಕೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಆ ನೋಂದಣಿ ಕೈ ಬದಲಾಗುವುದಿಲ್ಲ. ನಿಮ್ಮ ಪ್ರಮಾಣಪತ್ರ ಮರಳಿಸಬೇಕು, ಕೊಳ್ಳುವವರು ಹೊಸದಾಗಿ ಅರ್ಜಿ ಹಾಕಬೇಕು. ನಿಮ್ಮ ಹೆಸರಿನ ಲೆಟರ್‌ಹೆಡ್, ಸೀಲು ಒಂದನ್ನೂ ಅಲ್ಲಿ ಬಿಟ್ಟು ಬರಬೇಡಿ.

ನಿಜವಾದ ಕೆಲಸ ಇರುವುದು ಪೇಶಂಟುಗಳ ವಿಷಯದಲ್ಲಿ. ಒಳರೋಗಿಗಳ ದಾಖಲೆ ಮೂರು ವರ್ಷ ಇಡಬೇಕೆಂದು 2002ರ ವೈದ್ಯ ನೀತಿಸಂಹಿತೆ ಹೇಳುತ್ತದೆ. ಆದರೆ ನಮ್ಮಂಥ ದವಾಖಾನೆಗೆ ಬರುವವರೆಲ್ಲ ಹೊರರೋಗಿಗಳು. ಚೀಟಿ ಅವರ ಕಿಸೆಯಲ್ಲಿ, ಚರಿತ್ರೆ ನಮ್ಮ ತಲೆಯಲ್ಲಿ. ಇಳಕಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ವರ್ಷಾನುಗಟ್ಟಲೆ ಧೂಳು ಕುಡಿದವನ ಕೆಮ್ಮು ಬರೀ ಕೆಮ್ಮಲ್ಲ. ಸಿಲಿಕೋಸಿಸ್ ಇರಬಹುದು, ಅದರ ಬೆನ್ನಿಗೆ ಟಿಬಿಯೂ ಬರಬಹುದು. ಕುಣಿಮಗ್ಗದಲ್ಲಿ ಕೂತು ಸೀರೆ ನೇಯುವವನ ಸೊಂಟನೋವಿಗೆ ಗುಳಿಗೆಯಷ್ಟೇ ಸಾಲದು. ರುಮ್ಯಾಟಿಕ್ ಜ್ವರದಿಂದ ಹೃದಯಕ್ಕೆ ಪೆಟ್ಟು ಬಿದ್ದ ಹುಡುಗಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಪೆನ್ಸಿಲಿನ್ ಸೂಜಿ ತಪ್ಪುವಂತಿಲ್ಲ. ತಪ್ಪಿ ಜ್ವರ ಮರುಕಳಿಸಿದರೆ ಕವಾಟ ಇನ್ನಷ್ಟು ಕೆಡುತ್ತದೆ. ನಾವು ಎದ್ದುಹೋದ ತಿಂಗಳು ಆ ಹುಡುಗಿಯನ್ನು ಕರೆಯುವವರು ಯಾರು? ಇದು ನನ್ನ ನಿದ್ದೆ ಕೆಡಿಸುವ ಪ್ರಶ್ನೆ. ಅದಕ್ಕೇ ಬಿಪಿ, ಶುಗರ್, ಫಿಟ್ಸ್, ಹೃದಯದ ಕಾಯಿಲೆ ಇರುವ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಬರೆಯುತ್ತಿದ್ದೇನೆ. ಯಾವ ಔಷಧ, ಯಾವುದು ಒಗ್ಗುವುದಿಲ್ಲ, ಮನೆಯಲ್ಲಿ ನೋಡಿಕೊಳ್ಳುವವರು ಯಾರು ಎಂಬುದೆಲ್ಲ ಅದರಲ್ಲಿದೆ. ಪೇಶಂಟುಗಳನ್ನು ಕೇಳಿಯೇ ಹೊಸ ಡಾಕ್ಟರಿಗೆ ಒಂದು ಪ್ರತಿ, ಅವರ ಕೈಗೊಂದು ಪ್ರತಿ.

ವಾರಸುದಾರರನ್ನು ಹುಡುಕುವಾಗ ನಮ್ಮ ತಾಲೂಕುಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿದವರನ್ನು ಮೊದಲು ವಿಚಾರಿಸಿ. ನಮ್ಮ ಜನರ ಮಾತು, ಬಡತನ, ಹೊಲದ ಸುಗ್ಗಿಯ ಹೊತ್ತು ಅವರಿಗೆ ಗೊತ್ತಿರುತ್ತದೆ. ಆರು ತಿಂಗಳಾದರೂ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಮೊದಮೊದಲು ನೀವು ನೋಡಿ, ಅವರು ಕೇಳಲಿ. ಆಮೇಲೆ ಅವರು ನೋಡಲಿ, ನೀವು ಸುಮ್ಮನಿರಿ. "ಸಾಹೇಬ್ರ, ನೀವ ನೋಡ್ರಿ" ಎಂದು ಮುದುಕಿಯರು ಹಟ ಹಿಡಿಯುತ್ತಾರೆ. ಆಗ "ನನಗ ಜ್ವರ ಬಂದ್ರ ನಾನೂ ಇವರಿಗೇ ತೋರಸ್ತೀನಿ" ಎಂದು ಹೇಳಿ. ಆ ಮಾತು ಹೇಳಲು ನಾಲಿಗೆ ಏಳದಿದ್ದರೆ ಅಂಥವರಿಗೆ ದವಾಖಾನೆ ಕೊಡಬೇಡಿ.

ಕಂಪೌಂಡರನಿಗೆ ಎಲ್ಲರಿಗಿಂತ ಮೊದಲು ತಿಳಿಸಿ. ಸಣ್ಣ ದವಾಖಾನೆಗೆ ಗ್ರಾಚುಟಿ ನಿಯಮ ಅನ್ವಯಿಸದಿದ್ದರೂ ಅವನ ವರ್ಷಗಳಿಗೆ ತಕ್ಕ ಹಣವನ್ನು ಮಾರಾಟದ ರೊಕ್ಕದಲ್ಲೇ ತೆಗೆದಿಡಿ.

ಒಬ್ಬ ವೈದ್ಯನ ಜಾಗಕ್ಕೆ ಇನ್ನೊಬ್ಬರು ಬಂದಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಅದೇ ನೀತಿಸಂಹಿತೆ ಅವಕಾಶ ಕೊಟ್ಟಿದೆ. ಕೊಡಿ, ಬಾಗಿಲಿಗೂ ಅಂಟಿಸಿ. ಆದರೆ ಹಾಳೆ ಬರೆಯುವ ಕೆಲಸವನ್ನು ಈ ವಾರವೇ ಹಿಡಿಯಿರಿ, ಮಿತ್ರರೆ. ಅದಕ್ಕೆ ಒಂದು ವರ್ಷವಾದರೂ ಬೇಕು.

ನಿಮ್ಮ ವಿಶ್ವಾಸಿ