ಹಗಲಿಗೆ ಬಂದ ನೈಟಿ

ಯಲಹಂಕ ಉಪನಗರದಲ್ಲಿ ಬೆಳಿಗ್ಗೆ ಸೊಪ್ಪಿನ ಗಾಡಿಯ ಕೂಗು ಕೇಳಿದರೆ ಗೇಟುಗಳಾಚೆ ಬಂದು ನಿಲ್ಲುವ ಉಡುಪು ಹೆಚ್ಚುಕಮ್ಮಿ ಒಂದೇ: ನೈಟಿ, ಹೆಗಲ ಮೇಲೊಂದು ಟವೆಲು. ದಂಟಿನ ಸೊಪ್ಪಿಗೆ ಚೌಕಾಸಿ ಮಾಡಲು, ಮಗುವನ್ನು ಸ್ಕೂಲ್ ವ್ಯಾನಿಗೆ ಹತ್ತಿಸಲು, ಮಹಡಿ ಮೇಲೆ ಸಂಡಿಗೆ ಇಡಲು ಇದಕ್ಕಿಂತ ಅನುಕೂಲದ ಬಟ್ಟೆ ಇನ್ನೂ ಹುಟ್ಟಿಲ್ಲ. ಮರ್ಯಾದೆ ಮಾತ್ರ ಸಿಕ್ಕಿಲ್ಲ. 2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ ಊರ ಹಿರಿಯರು ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ನೈಟಿಯಲ್ಲಿ ಹೊರಗೆ ಕಾಣಿಸಿಕೊಂಡರೆ 2,000 ರೂಪಾಯಿ ದಂಡವೆಂದು ಕಟ್ಟಳೆ ಮಾಡಿದರು. ಆ ಸುದ್ದಿಯನ್ನು ಉಪನಗರದ ಒಬ್ಬಾಕೆ ಓದಿದ್ದು ನೈಟಿಯಲ್ಲೇ ಕೂತು.

ಆಕೆಗೆ ಹೊಲಿಗೆಯ ಗೀಳು ಹತ್ತಿದ್ದು ಪಿಯುಸಿ ರಜೆಯಲ್ಲಿ, ಆರ್.ಟಿ. ನಗರದ ಮನೆಯೊಂದರ ಮಹಡಿ ಮೇಲಿನ ಟೈಲರಿಂಗ್ ಕ್ಲಾಸಿನಲ್ಲಿ. ಬ್ರೌನ್ ಪೇಪರ್ ಹಾಸಿ, ಎದೆಸುತ್ತಳತೆಯ ಕಾಲುಭಾಗಕ್ಕೆ ಇಷ್ಟು ಕೂಡಿಸು, ಕಂಕುಳಲ್ಲಿ ಇಷ್ಟು ಇಳಿಸು ಎಂದು ಟೀಚರ್ ಕಲಿಸಿದ ಲೆಕ್ಕ ಮಗ್ಗಿಗಿಂತ ಚೆನ್ನಾಗಿ ನೆನಪಿದೆ. ಅಮ್ಮನಿಂದ ಬಂದ ಉಷಾ ಮಿಷಿನ್ನು ಇವತ್ತಿಗೂ ಕಾಲಲ್ಲಿ ತುಳಿಯುವಂಥದ್ದೇ.

ಹಳೇ ಕಾಲದ ಫ್ರಾಕುಗಳ ಹುಚ್ಚು ಆಮೇಲಿನದು. ಅಮೆರಿಕದ ಬಟರಿಕ್ ಕಂಪನಿ 1952ರಲ್ಲಿ 6015ನೇ ನಂಬರಿನ ಪ್ಯಾಟರ್ನ್ ಹೊರಡಿಸಿತ್ತು. ತಿಂಡಿಯಾದ ಮೇಲೆ ಹೊಲಿಯಲು ಕೂತರೆ ಮಧ್ಯಾಹ್ನದ ಊಟಕ್ಕೆ ಅದನ್ನೇ ತೊಟ್ಟು ಹೊರಡಬಹುದು ಎಂಬುದು ಅದರ ಜಂಬ. ‘ವಾಕ್‌ಅವೇ ಡ್ರೆಸ್’ ಎಂದು ಹೆಸರಾದದ್ದೂ ಅದಕ್ಕೇ. ಮುಂದಿನ ಪಟ್ಟಿ ಬೆನ್ನ ಹಿಂದೆ ಹೋಗಿ ಕೂಡುತ್ತದೆ, ಹಿಂದಿನ ಅಗಲವಾದ ಘೇರು ಮುಂದೆ ಬಂದು ಸೊಂಟದಲ್ಲಿ ಗುಂಡಿ ಹಾಕಿಕೊಳ್ಳುತ್ತದೆ. ಯಲಹಂಕದಲ್ಲಿ ಅದು ಊಟದ ಹೊತ್ತಿಗೆ ಮುಗಿಯುವ ಮಾತೇ ಇಲ್ಲ. ಆ ಅಮೆರಿಕದ ಗೃಹಿಣಿಗೆ ದೋಸೆಹಿಟ್ಟು ರುಬ್ಬುವುದಿರಲಿಲ್ಲವಲ್ಲ!

ಪ್ಯಾಟರ್ನ್ ಬರುವ ಲಕೋಟೆಯ ಮೇಲಿನ ಸೈಜನ್ನೂ ನಂಬುವಂತಿಲ್ಲ. 1950ರ ಹೊತ್ತಿನ 16 ಎಂದರೆ ಎದೆಸುತ್ತಳತೆ 34 ಇಂಚು. 1960ರ ದಶಕದ ಕೊನೆಗೆ ಅದೇ 34 ಇಂಚಿಗೆ 12 ಎಂದು ಬರೆದರು. ಮೈ ಇದ್ದಷ್ಟೇ ಇತ್ತು, ನಂಬರು ತೆಳ್ಳಗಾಯಿತು.

ಅಳತೆವಾರು ಕಾಗದದ ಪ್ಯಾಟರ್ನುಗಳನ್ನು 1863ರಲ್ಲಿ ಮಾರಾಟಕ್ಕೆ ತಂದವನು ಎಬನೆಜರ್ ಬಟರಿಕ್, ಮ್ಯಾಸಚೂಸೆಟ್ಸಿನ ಸ್ಟರ್ಲಿಂಗ್ ಊರಿನ ದರ್ಜಿ. ಐಸಾಕ್ ಸಿಂಗರ್ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಮನೆಗಳಿಗೆ ಮಿಷಿನ್ನು ಬರತೊಡಗಿತ್ತು, ಬಟ್ಟೆಗೆ ಕತ್ತರಿ ಹಾಕುವ ಧೈರ್ಯ ಬರಬೇಕಿತ್ತು. ಮೊದಮೊದಲಿನ ಆ ತೆಳು ಕಾಗದಗಳ ಮೇಲೆ ಅಕ್ಷರವಿರಲಿಲ್ಲ. ಎಲ್ಲಿ ಮಡಿಸಬೇಕು, ಎಲ್ಲಿ ಜೋಡಿಸಬೇಕು ಎಂದು ತೂತು, ಕಚ್ಚುಗಳನ್ನು ನೋಡಿಯೇ ತಿಳಿಯಬೇಕು.

ನಮ್ಮ ಬೀದಿಗಳಿಗೆ ಆ ಲಕೋಟೆ ಇಳಿಯಲೇ ಇಲ್ಲ. ಬೇಕಾಗಲೂ ಇಲ್ಲ. ಅಳತೆ ರವಿಕೆ ಕೊಟ್ಟರೆ ಟೈಲರ್ ಅದನ್ನೇ ಬಟ್ಟೆ ಮೇಲೆ ಮಡಿಸಿಟ್ಟು ಚಾಕ್ ಎಳೆದುಬಿಡುತ್ತಾರೆ. ‘ತೋಳು ಅರ್ಧ ಇಂಚು ಲೂಸ್ ಮಾಡಿ’ ಎಂದರೆ ತಿದ್ದುಪಡಿಯೂ ಮುಗಿಯಿತು. ಅತ್ತ ಯಶವಂತಪುರ, ಪೀಣ್ಯದ ಗಾರ್ಮೆಂಟ್ಸುಗಳಲ್ಲಾದರೆ ಪ್ಯಾಟರ್ನಿನದೇ ರಾಜ್ಯ: ಕಂಪ್ಯೂಟರಿನಲ್ಲಿ ಬಿಡಿಸಿ, ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಒಟ್ಟಿಗೇ ಕತ್ತರಿಸುತ್ತಾರೆ. ಆದರೆ ಒಬ್ಬರಿಗೆ ತೋಳು, ಇನ್ನೊಬ್ಬರಿಗೆ ಕಾಲರ್; ಇಡೀ ಅಂಗಿ ಯಾರೊಬ್ಬರ ಕೈಯಲ್ಲೂ ಪೂರ್ತಿಯಾಗುವುದಿಲ್ಲ. ಆಕೆಯ ಪಕ್ಕದ ಬೀದಿಯ ಗೆಳತಿ ಅಂಥದೊಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕಾಲರ್ ಹೊಲಿದವರು. ಫ್ರಾಕಿನ ಗುಂಡು ಕಾಲರನ್ನು ಅವರು ತಿರುವಿ ಹಾಕಿದರೆ ಅಂಚಿನಲ್ಲಿ ಒಂದು ಸುಕ್ಕೂ ಉಳಿಯದು.

ಆಕೆಯ ಲಕ್ಷ್ಯ ಫ್ರಾಕಿನಿಂದ ನೈಟಿಗೆ ತಿರುಗಿದ್ದು ಹಳೆಯ ರಾತ್ರಿಯುಡುಪಿನ ಪ್ಯಾಟರ್ನ್ ಒಂದನ್ನು ಬಿಡಿಸಿದಾಗ. ಎದೆ ಮೇಲೆ ಯೋಕ್, ಅದರಡಿ ನೆರಿಗೆ, ಕತ್ತಿಗೆ ಲೇಸು. ಚಿಕ್ಕಪೇಟೆಯ ಅಂಗಡಿಗಳ ಮುಂದೆ ತೂಗುವುದೂ ಇದೇ ತಾನೆ? ವಿಂಟೇಜ್ ಎಂದು ದೂರದೂರಕ್ಕೆ ಹುಡುಕಿದ್ದು ಬಟ್ಟೆ ಒಣಹಾಕುವ ಹಗ್ಗದ ಮೇಲೇ ಇತ್ತು. ರಾತ್ರಿಯ ಬಟ್ಟೆ ಹಗಲಿಗೆ ಬಂದದ್ದೂ ಇಲ್ಲಿ ಮಾತ್ರವಲ್ಲ. 1820ರಲ್ಲಿ ಹವಾಯಿಗೆ ಹೋದ ಮಿಷನರಿಗಳ ಕಾಲದಲ್ಲಿ ಅಲ್ಲಿನ ಹೆಂಗಸರಿಗೆ ಹೊಲೊಕು ಎಂಬ ಸಡಿಲ ನಿಲುವಂಗಿ ಬಂತು. ಅದರ ಒಳಗೆ ತೊಡುತ್ತಿದ್ದ, ಮಲಗುವಾಗಲೂ ಹಾಕಿಕೊಳ್ಳುತ್ತಿದ್ದ ಮೂಮೂ ಕ್ರಮೇಣ ಹೊರಗೆ ಬಂದು ಇಂದು ಹಬ್ಬದುಡುಪೇ ಆಗಿದೆ. ಮನೆಯುಡುಪಿಗೆ ಅಂದ ತಂದವರೂ ಇದ್ದಾರೆ: ಅಮೆರಿಕದ ಕಾನ್ಸಾಸ್ ಸಿಟಿಯ ನೆಲ್ ಡೊನೆಲಿ ಮನೆಗೆಲಸದ ಗೌನುಗಳ ಅಂದಗೇಡು ಸಹಿಸದೆ, 1916ರಲ್ಲಿ ತಾನೇ ಹೊಲಿಸಿದ ಚೆಂದದ 216 ಗೌನುಗಳನ್ನು ಅಂಗಡಿಗೆ ಕೊಟ್ಟಳು. ಒಂದಕ್ಕೆ ಒಂದು ಡಾಲರ್. ಮಧ್ಯಾಹ್ನದೊಳಗೆ ಎಲ್ಲವೂ ಖಾಲಿ.

ಈಗ ಆಕೆ ಮೂರು ಮೀಟರ್ ಕಾಟನ್ ತಂದು, ನೈಟಿಯ ಘೇರಿಗೆ ಐವತ್ತರ ದಶಕದ ಫ್ರಾಕಿನ ಮೇಲ್ಭಾಗ ಕೂಡಿಸುತ್ತಾರೆ. ಜಿಪ್ಪಿನ ಬದಲು ಗುಂಡಿ, ಕೈಯಲ್ಲೇ ಹಾಕಿದ ಕಾಜಾ, ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿನ ಲೇಸು, ಎಡಕ್ಕೆ ಆಳವಾದೊಂದು ಜೇಬು. ಮೊದಲನೆಯದು ಅತ್ತೆಗೆ ಹೋಯಿತು. ಹೆಗಲಿಗೆ ಟವೆಲಿಲ್ಲದೆ ಸೊಪ್ಪು ತಂದ ಅತ್ತೆ ಕಾಲರಿನ ಬಗ್ಗೆ ಏನೂ ಹೇಳಲಿಲ್ಲ. “ಬಲಗಡೆಗೂ ಒಂದು ಜೇಬಿಡಮ್ಮ,” ಎಂದರು, “ಚಿಲ್ಲರೆ ಜೊತೆ ಮೊಬೈಲು ಹಾಕಿದರೆ ಗೀಚತ್ತೆ.”